ಏನಿಲ್ಲ, ಅಜ್ಜಿ ಮನೇಲಿದ್ರು

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ 'ಯುದ್ಧಕಾಲದಲ್ಲಿ ಮಹಿಳೆಯರು' ಅಂತ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಲ್ಲಿ ಹುಡುಕಿದರೂ ಒಂದೇ ಕತೆ ಸಿಗುತ್ತದೆ. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಮನೆಯಿಂದ ಹೊರಗೆ ಬಂದು ಕಾರ್ಖಾನೆ ನಡೆಸಿದರು, ಯುದ್ಧ ಮುಗಿದ ಮೇಲೆ ಮನೆಗೆ ಹೋದರು. "ಅಷ್ಟು ಚೆನ್ನಾಗಿ ಕೆಲಸ ಮಾಡಿದೋರನ್ನ ಯಾಕಮ್ಮಾ ಮನೆಗೆ ಕಳಿಸಿದ್ರು?" ಅಂತ ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಅಜ್ಜನೂ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿದ್ದವರು. ಆಗ ಅಜ್ಜಿ ಏನು ಮಾಡುತ್ತಿದ್ದರು ಅಂತ ಮನೆಯಲ್ಲಿ ಕೇಳಿದರೆ "ಏನಿಲ್ಲ, ಮನೇಲಿದ್ರು" ಅಂತಾರೆ. ಇದನ್ನು ಪ್ರಾಜೆಕ್ಟಿನಲ್ಲಿ ಹೇಗೆ ಬರೆಯುವುದು? – ಸೋಮವಾರಪೇಟೆಯ ಓದುಗರು

ಉತ್ತರ: ನಿಮ್ಮ ಮಗಳಿಗೆ ಮೊದಲು ನನ್ನದೊಂದು ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಯುದ್ಧದಲ್ಲಿ ಹೆಂಗಸರು ಏನು ಮಾಡಿದರು ಅಂತ ಕೇಳಿದ ಮಕ್ಕಳು ಬೇಕಾದಷ್ಟು. ಆಮೇಲೆ ಅವರನ್ನು ಯಾಕೆ ಕಳಿಸಿದರು ಅಂತ ಕೇಳಿದವರು ತೀರಾ ಕಡಿಮೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅವರನ್ನು ಒಳಗೆ ಕರೆದ ದಿನವೇ ಹೊರಗೆ ಕಳಿಸುವ ಮಾತೂ ಆಗಿತ್ತು. ಅದು ಬರೀ ಬಾಯಿಮಾತಲ್ಲ, ಕಾಗದದ ಮೇಲೆ ಬರೆದು ಸಹಿ ಹಾಕಿದ ಮಾತು. ಇನ್ನು 'ಮನೆಯಿಂದ ಹೊರಗೆ ಬಂದರು' ಅನ್ನುವುದೂ ಪೂರ್ತಿ ನಿಜ ಅಲ್ಲ. ಮನೆಗೆಲಸ ಎಲ್ಲಿಗೂ ಹೋಗಲಿಲ್ಲ. ಅದು ಇದ್ದ ಹಾಗೇ ಇತ್ತು, ಅದರ ಮೇಲೆ ಕಾರ್ಖಾನೆ ಬಂದು ಕೂತಿತು. ಇವೆರಡು ವಿಷಯ ಬಿಡಿಸಿ ನೋಡಿದರೆ ನಿಮ್ಮ ಅಜ್ಜಿಯ ವಿಷಯಕ್ಕೂ ದಾರಿ ಸಿಗುತ್ತದೆ. ಬ್ರಿಟನ್ನಿನ ಉದಾಹರಣೆ ತೆಗೆದುಕೊಳ್ಳುತ್ತೇನೆ. ಅಲ್ಲಿ ದಾಖಲೆ ಚೆನ್ನಾಗಿ ಉಳಿದಿದೆ. ನಿಮ್ಮ ಅಜ್ಜ ಹೋದದ್ದೂ ಅದೇ ಸರ್ಕಾರದ ಯುದ್ಧಕ್ಕೆ.

ಪೋಸ್ಟರ್ ವಿಷಯ ಮೊದಲು ಮುಗಿಸೋಣ. ಮಗಳ ಪ್ರಾಜೆಕ್ಟಿನಲ್ಲಿ ಅದು ಖಂಡಿತ ಇರುತ್ತದೆ, ಅಲ್ವಾ? ತಲೆಗೆ ಚುಕ್ಕಿ ಚುಕ್ಕಿಯ ಕೆಂಪು ಬಟ್ಟೆ ಕಟ್ಟಿ, ತೋಳು ಮಡಚಿ ತೋರಿಸುವ ಹುಡುಗಿ. ಅದು ಅಮೆರಿಕದ್ದು. 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳ ಗೋಡೆಗೆ ಎರಡು ವಾರದ ಮಟ್ಟಿಗೆ ಅಂಟಿಸಿದ್ದ ಚಿತ್ರ. ಯುದ್ಧ ನಡೆಯುವಾಗ ಹೊರಗಿನ ಜನ ಅದನ್ನು ನೋಡಿಯೇ ಇರಲಿಲ್ಲ ಅನ್ನಬಹುದು. ಮನೆಮಾತಾದದ್ದು 1980ರ ದಶಕದಲ್ಲಿ. ಹಾಕಬೇಡಿ ಅನ್ನುತ್ತಿಲ್ಲ. ಆದರೆ ಅದನ್ನು ನೋಡಿಯೇ ಹೆಂಗಸರು ಕೆಲಸಕ್ಕೆ ಬಂದರು ಅಂತ ಬರೆಯಬೇಡಿ.

ಬ್ರಿಟನ್ನಿನಲ್ಲಿ ಹೆಂಗಸರು ಬಂದದ್ದು ಪೋಸ್ಟರ್ ನೋಡಿ ಅಲ್ಲ, ಕಾನೂನಿನಿಂದ. 1941ರ ಮಾರ್ಚಿನಿಂದ ಹೆಂಗಸರು ವಯಸ್ಸಿನ ಪ್ರಕಾರ ಸರ್ಕಾರಿ ಕಚೇರಿಗೆ ಹೋಗಿ ಹೆಸರು ಬರೆಸಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ 20ರಿಂದ 30 ವಯಸ್ಸಿನ ಮದುವೆಯಾಗದ ಹೆಂಗಸರನ್ನೂ ಮಕ್ಕಳಿಲ್ಲದ ವಿಧವೆಯರನ್ನೂ ಕಡ್ಡಾಯ ಸೇವೆಗೆ ಕರೆಯುವ ಕಾನೂನು ಬಂತು. ಆ ದೇಶದಲ್ಲಿ ಅದೇ ಮೊದಲು. ಸೇನೆಯ ಸಹಾಯಕ ದಳ, ನಾಗರಿಕ ರಕ್ಷಣೆ, ಕಾರ್ಖಾನೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಂಡವರು ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್. 1939ರಲ್ಲಿ ಸಂಬಳದ ಕೆಲಸದಲ್ಲಿ ಸುಮಾರು 50 ಲಕ್ಷ ಹೆಂಗಸರಿದ್ದರು. 1943ರ ಹೊತ್ತಿಗೆ ಆ ಸಂಖ್ಯೆ 70 ಲಕ್ಷ ದಾಟಿತು.

ಆ ಕಾನೂನಿನ ಒಳಗೆ ಒಂದು ವಿಂಗಡಣೆ ಇತ್ತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಹೆಂಗಸರನ್ನು ಎರಡು ಗುಂಪು ಮಾಡಿದ್ದರು: ಬೇರೆ ಊರಿಗೆ ಕಳಿಸಬಹುದಾದವರು, ಕಳಿಸಲಾಗದವರು. ಒಂಟಿ ಹುಡುಗಿಯಾದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು. ಗಂಡನಿಗೆ ಅಡುಗೆ ಮಾಡಿ ಹಾಕಬೇಕಾದವಳನ್ನು ಊರು ಬಿಡಿಸುವ ಹಾಗಿಲ್ಲ, ಅವಳಿಗೆ ಹತ್ತಿರದಲ್ಲೇ ಕೆಲಸ. 14 ವರ್ಷದೊಳಗಿನ ಮಕ್ಕಳು ಜೊತೆಯಲ್ಲಿದ್ದ ತಾಯಿಗೆ ಕಡ್ಡಾಯವೇ ಇಲ್ಲ. ಅಂದರೆ ಮನೆಗೆಲಸವೂ ಒಂದು ಕೆಲಸ, ಅದನ್ನು ಯಾರಾದರೂ ಮಾಡಲೇಬೇಕು, ಅದು ನಿಂತರೆ ದೇಶ ನಿಲ್ಲುತ್ತದೆ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಆಳುಗಳ ಲೆಕ್ಕ ಹಾಕುವಾಗ ಅದು ಲೆಕ್ಕಕ್ಕೆ ಬಂತು. ಸಂಬಳದ ಪುಸ್ತಕದಲ್ಲಿ ಮಾತ್ರ ಯಾವತ್ತೂ ಬರಲಿಲ್ಲ.

ಈಗ ಆ ಕಾಗದದ ವಿಷಯಕ್ಕೆ ಬರುತ್ತೇನೆ.

1940ರ ಮೇ ತಿಂಗಳಲ್ಲಿ ಎಂಜಿನಿಯರಿಂಗ್ ಕಾರ್ಖಾನೆಗಳ ಮಾಲೀಕರೂ ಕಾರ್ಮಿಕ ಸಂಘಗಳೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಗಂಡಸರ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳಬಹುದು, ಆದರೆ ಅವರು ತಾತ್ಕಾಲಿಕ. ಯುದ್ಧ ಇರುವ ತನಕ ಮಾತ್ರ. ಸಂಬಳದ ಲೆಕ್ಕ ಹೀಗೆ: ಮೊದಲು ಹೆಂಗಸರ ದರ. ಆಮೇಲೆ ಹಂತ ಹಂತವಾಗಿ ಏರುತ್ತದೆ. 32 ವಾರ ಆದ ಮೇಲೆ ಗಂಡಸಿನ ಪೂರ್ತಿ ದರ. ಆದರೆ ಅದಕ್ಕೊಂದು ಷರತ್ತು. ಗಂಡಸು ಮಾಡುತ್ತಿದ್ದ ಅದೇ ಕೆಲಸವನ್ನು 'ಹೆಚ್ಚಿನ ಉಸ್ತುವಾರಿ, ಹೆಚ್ಚಿನ ಸಹಾಯ ಇಲ್ಲದೆ' ಮಾಡಬೇಕು.

ಆ 'ಸಹಾಯ' ಅನ್ನುವ ಪದ ನೋಡಿ. ಅದರಲ್ಲೇ ಎಲ್ಲ ಇದೆ. ಒಬ್ಬಳು ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ದಿನವಿಡೀ ಗಂಡಸಿನಷ್ಟೇ ಭಾಗಗಳನ್ನು ಕೊರೆಯುತ್ತಾಳೆ ಅಂದುಕೊಳ್ಳಿ. ಬೆಳಿಗ್ಗೆ ಒಬ್ಬ ಗಂಡಸು ಬಂದು ಮಷೀನು ಸೆಟ್ ಮಾಡಿಕೊಟ್ಟು ಹೋದರೆ ಅದು ಸಹಾಯ. ಭಾರದ ತುಂಡನ್ನು ಎತ್ತಿ ಇಡಲು ಒಬ್ಬ ಕೈ ಹಾಕಿದರೆ ಅದೂ ಸಹಾಯ. ಪೂರ್ತಿ ದರ ಇಲ್ಲ. ಕೆಲವು ಕಡೆ ಕೆಲಸವನ್ನೇ ಸ್ವಲ್ಪ ಬದಲಾಯಿಸಿ, ಇದು ಗಂಡಸು ಮಾಡುತ್ತಿದ್ದ ಕೆಲಸವೇ ಅಲ್ಲ, ಇದು 'ಹೆಂಗಸರ ಕೆಲಸ' ಅಂತ ಬೇರೆ ಹೆಸರು ಕೊಟ್ಟರು. ಹೆಸರು ಬದಲಾದರೆ ದರವೂ ಬದಲಾಯಿತು. ಹಾಗಾಗಿ ಯುದ್ಧದ ಉದ್ದಕ್ಕೂ ಹೆಂಗಸರ ಸರಾಸರಿ ಗಳಿಕೆ ಗಂಡಸರ ಗಳಿಕೆಯ ಅರ್ಧದ ಆಸುಪಾಸಿನಲ್ಲೇ ಉಳಿಯಿತು.

ಸಂಘಗಳು ಹೆಂಗಸರ ವೈರಿಗಳಾಗಿದ್ದವು ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಅವರ ಭಯಕ್ಕೂ ಕಾರಣ ಇತ್ತು. ಅಗ್ಗದ ಕೂಲಿಗೆ ಹೆಂಗಸರು ಸಿಕ್ಕರೆ ನಾಳೆ ಸೈನ್ಯದಿಂದ ಬಂದವನಿಗೆ ಮಾಲೀಕ ಕೆಲಸ ಕೊಡುತ್ತಾನಾ? ಆ ಭಯ ಕಳೆಯಲು ಸರ್ಕಾರ 1942ರಲ್ಲಿ ಇನ್ನೊಂದು ಕಾನೂನೇ ಮಾಡಿತು: ಯುದ್ಧ ಮುಗಿದ ಮೇಲೆ, ಯಾವ ಕೆಲಸ ಯಾರಿಗೆ ಅನ್ನುವಂಥ ಕಾರ್ಖಾನೆಗಳ ಹಳೆಯ ಪದ್ಧತಿಗಳನ್ನು ಮೊದಲಿನ ಹಾಗೇ ಮರಳಿ ತರಬೇಕು ಅಂತ. ಮೊದಲ ಮಹಾಯುದ್ಧ ಮುಗಿದಾಗ 1919ರಲ್ಲೂ ಹೀಗೇ ಮಾಡಿದ್ದರು. ಆದರೆ ಇದರ ಬದಲು ಮೊದಲ ದಿನದಿಂದಲೇ ಸಮಾನ ಕೂಲಿ ಕೊಟ್ಟಿದ್ದರೆ ಅಗ್ಗದ ಕೂಲಿಯ ಭಯವೇ ಇರುತ್ತಿರಲಿಲ್ಲ ಅಲ್ವಾ? ಆ ಮಾತನ್ನು ಆಗ ಹೇಳಿದ ಹೆಂಗಸರೂ ಇದ್ದರು. 1943ರಲ್ಲಿ ಗ್ಲಾಸ್ಗೋ ಹತ್ತಿರದ ಹಿಲಿಂಗ್ಟನ್‌ನಲ್ಲಿ ರೋಲ್ಸ್ ರಾಯ್ಸ್ ವಿಮಾನ ಎಂಜಿನ್ ಕಾರ್ಖಾನೆಯ ಹೆಂಗಸರು ಇದೇ ದರದ ವಿಷಯಕ್ಕೆ ಮುಷ್ಕರ ಹೂಡಿದರು. ಗಂಡಸರೂ ಅವರ ಜೊತೆ ಹೊರಗೆ ಬಂದರು. ಯುದ್ಧದ ನಡುವೆ ವಿಮಾನದ ಎಂಜಿನ್ ನಿಲ್ಲಿಸುವುದು ಅಂದರೆ ಸಣ್ಣ ಮಾತಲ್ಲ. ದೇಶದ್ರೋಹ ಅನ್ನುವ ಮಾತು ಕೇಳಬೇಕಾಗುತ್ತದೆ ಅಂತ ಗೊತ್ತಿದ್ದೂ ನಿಂತರು.

ಕೆಲಸ ಹೇಗಿತ್ತು ಅಂತ ಮಗಳಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕು ಅಂದರೆ ಮದ್ದುಗುಂಡಿನ ಕಾರ್ಖಾನೆಯ ಬಾಗಿಲಿಗೆ ಕರೆದುಕೊಂಡು ಹೋಗಿ. ದಕ್ಷಿಣ ವೇಲ್ಸ್‌ನ ಬ್ರಿಜೆಂಡ್‌ನಲ್ಲಿ ಫಿರಂಗಿಯ ಶೆಲ್ಲಿಗೂ ಅದನ್ನು ಸಿಡಿಸುವ ಡಿಟೊನೇಟರಿಗೂ ಮದ್ದು ತುಂಬುವ ದೊಡ್ಡ ಕಾರ್ಖಾನೆ ಇತ್ತು. ಮೂವತ್ತು ಸಾವಿರಕ್ಕೂ ಜಾಸ್ತಿ ಜನ, ಬಹುಪಾಲು ಹೆಂಗಸರು. ಗಣಿ ಊರುಗಳಿಂದ ಬಸ್ಸು, ರೈಲು ಹಿಡಿದು ಪಾಳಿಗೆ ಬರುತ್ತಿದ್ದರು. ಇಂಥ ಕಾರ್ಖಾನೆಗಳಲ್ಲಿ ಒಳಗೆ ಹೋಗುವ ಮುಂಚೆ ಬಟ್ಟೆ ಬದಲಾಯಿಸುವ ಕೋಣೆ. ಕೋಣೆಯ ನಡುವೆ ಒಂದು ತಡೆ. ತಡೆಯ ಈಚೆ 'ಕೊಳೆ' ಕಡೆ, ಆಚೆ 'ಶುದ್ಧ' ಕಡೆ. ನಮ್ಮ ಮಡಿ ಮೈಲಿಗೆಯ ಹಾಗೆ ಕೇಳಿಸುತ್ತದೆ, ಆದರೆ ಇಲ್ಲಿ ವಿಷಯ ಕಿಡಿಯದ್ದು. ಈಚೆ ಕಡೆಯ ಚಪ್ಪಲಿಗೆ ಅಂಟಿದ ಒಂದು ಮರಳಿನ ಕಣ ಆಚೆ ಹೋದರೂ ಉಜ್ಜಿ ಕಿಡಿ ಹಾರಬಹುದು. ಅದಕ್ಕೇ ಹೊರಗಿನ ಬಟ್ಟೆ, ಚಪ್ಪಲಿ, ಬೆಂಕಿಪೊಟ್ಟಣ, ಸಿಗರೇಟು, ತಲೆಯ ಪಿನ್ನು ಎಲ್ಲ ಈಚೆಯೇ ಬಿಡಬೇಕು. ಕೂದಲನ್ನು ಬಟ್ಟೆಯೊಳಗೆ ಕಟ್ಟಬೇಕು. ಮದುವೆಯ ಉಂಗುರ ಬೆರಳಿನಿಂದ ಬರದೇ ಹೋದರೆ ಅದರ ಮೇಲೆ ಟೇಪು ಸುತ್ತಬೇಕು. ಒಂದು ಪಿನ್ನು ಮರೆತು ಒಳಗೆ ಹೋದರೂ ಶಿಕ್ಷೆ. ಒಳಗೆ ಚಿಕ್ಕ ಚಿಕ್ಕ ಡಿಟೊನೇಟರುಗಳಿಗೆ ಪುಡಿ ತುಂಬುವ ಕೆಲಸ. ಕೈ ಅದುರುವ ಹಾಗಿಲ್ಲ. ಬೆರಳು ಹೋದವರು, ಕಣ್ಣು ಹೋದವರು, ಜೀವ ಹೋದವರು ಇದ್ದರು. ಕೆಲವು ಪುಡಿಗಳಿಂದ ಮುಖ, ಕೈ, ಕೂದಲ ಅಂಚು ಎಲ್ಲ ಹಳದಿಯಾಗುತ್ತಿತ್ತು. ಮೈಗೆ ಅರಿಶಿನ ಹಚ್ಚಿಕೊಂಡರೆ ನೀರಿಗೆ ಹೋಗುತ್ತದೆ, ಈ ಹಳದಿ ಸುಲಭಕ್ಕೆ ಹೋಗುತ್ತಿರಲಿಲ್ಲ. ಶತ್ರುವಿಗೆ ತಿಳಿಯಬಾರದು ಅಂತ ಆ ಜಾಗದ ಬಗ್ಗೆ ಯಾರಲ್ಲೂ ಮಾತಾಡುವ ಹಾಗೂ ಇರಲಿಲ್ಲ.

ಪಾಳಿ ಮುಗಿಯಿತು, ಮನೆಗೆ ಹೊರಟಳು ಅಂದುಕೊಳ್ಳಿ. ಅಲ್ಲಿಂದ ಎರಡನೇ ಪಾಳಿ.

ರೇಷನ್ 1940ರ ಜನವರಿ 8ರಂದು ಶುರುವಾಯಿತು. ಮೊದಲು ಹಂದಿಮಾಂಸದ ಬೇಕನ್, ಬೆಣ್ಣೆ, ಸಕ್ಕರೆ. ಆಮೇಲೆ ಮಾಂಸ, ಟೀ, ಬಟ್ಟೆ, ಸೋಪು, ಸಿಹಿ. ಒಬ್ಬರಿಗೆ ವಾರಕ್ಕೆ ಸಾಧಾರಣವಾಗಿ ಸಿಗುತ್ತಿದ್ದದ್ದು 57 ಗ್ರಾಂ ಬೆಣ್ಣೆ, 57 ಗ್ರಾಂ ಟೀ ಪುಡಿ, 225 ಗ್ರಾಂ ಸಕ್ಕರೆ, ಸಿಕ್ಕರೆ ಒಂದು ಮೊಟ್ಟೆ. ಟೀ ಪುಡಿಯನ್ನು ನೀವೇ ಅಳೆದು ನೋಡಿ, ದಿನಕ್ಕೆ ಮೂರು ಲೋಟಕ್ಕೆ ಮುಗಿಯಿತು. ಒಂದೊಂದು ಮನೆಯ ಹೆಸರೂ ಒಂದೊಂದು ಅಂಗಡಿಯಲ್ಲಿ ದಾಖಲಾಗಿರಬೇಕು, ಅಲ್ಲಿಂದಲೇ ತರಬೇಕು. ರೇಷನ್ನಿನಲ್ಲಿ ಇಲ್ಲದ ಮೀನು, ಹಣ್ಣು, ಈರುಳ್ಳಿ ಬೇಕಾದರೆ ಯಾವ ಅಂಗಡಿಗೆ ಬಂದಿದೆ ಅಂತ ಬಾಯಿಂದ ಬಾಯಿಗೆ ತಿಳಿದು ಓಡಬೇಕು, ಕ್ಯೂ ನಿಲ್ಲಬೇಕು. ಕಾರ್ಖಾನೆ ಪಾಳಿ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ, ಇಲ್ಲ ಸರಕು ಖಾಲಿಯಾಗಿರುತ್ತದೆ. ಹೆಂಗಸರು ಹೇಳದೆ ಕೇಳದೆ ರಜೆ ಹಾಕುತ್ತಾರೆ ಅಂತ ಮ್ಯಾನೇಜರುಗಳು ದೂರುತ್ತಿದ್ದರು. ಆ ರಜೆ ಎಲ್ಲಿಗೆ ಹೋಗುತ್ತಿತ್ತು? ಕ್ಯೂಗೆ. ಕೊನೆಗೆ ಕೆಲವು ಕಾರ್ಖಾನೆಗಳು ಸಾಮಾನು ತರಲೆಂದೇ ಸ್ವಲ್ಪ ಹೊತ್ತು ಬಿಡತೊಡಗಿದವು.

ಆಗ ಸರ್ಕಾರ ಮಾಡಿದ ಒಂದು ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆಗೆಲಸದ ಸ್ವಲ್ಪ ಭಾಗವನ್ನು ಊರೇ ಹೊತ್ತುಕೊಳ್ಳುವ ಹಾಗೆ ಮಾಡಿತು. 1940ರ ಅಕ್ಟೋಬರಿನಲ್ಲಿ ಬರೀ 14 ಯುದ್ಧಕಾಲದ ಶಿಶುವಿಹಾರಗಳಿದ್ದವು. 1943ರ ಮಧ್ಯದ ಹೊತ್ತಿಗೆ 1,345 ಆದವು. ಈಗ ನಮ್ಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಶುರುವಾಗಿವೆಯಲ್ಲ, ಅಂಥವು. ತಾಯಿ ಪಾಳಿಗೆ ಹೋಗುವಾಗ ಮಗುವನ್ನು ಬಿಟ್ಟು ಹೋಗಬಹುದು. ಜೊತೆಗೆ 'ಬ್ರಿಟಿಷ್ ರೆಸ್ಟೋರೆಂಟ್' ಅಂತ ಕಡಿಮೆ ಬೆಲೆಯ ಊಟದ ಮನೆಗಳು, ಎರಡು ಸಾವಿರಕ್ಕೂ ಜಾಸ್ತಿ. ಅಲ್ಲಿ ಉಂಡರೆ ಮನೆಯ ರೇಷನ್ ಖರ್ಚಾಗುವುದಿಲ್ಲ. ನಮ್ಮ ಇಂದಿರಾ ಕ್ಯಾಂಟೀನ್ ನೆನಪಿಗೆ ಬರುತ್ತದೆ. ಆದರೂ ಹೆಚ್ಚಿನ ಮನೆಗಳಲ್ಲಿ ಮಗು ನೋಡಿಕೊಂಡದ್ದು ಅಜ್ಜಿಯರು, ಅಕ್ಕಪಕ್ಕದವರು. ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ದೊಡ್ಡ ಕೆಲಸ ಇದೆ. 1939ರ ಸೆಪ್ಟೆಂಬರ್ ಮೊದಲ ಕೆಲವೇ ದಿನಗಳಲ್ಲಿ, ಬಾಂಬು ಬೀಳುತ್ತದೆ ಅಂತ, ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಬಹುಪಾಲು ಮಕ್ಕಳು. ಕುತ್ತಿಗೆಗೆ ಹೆಸರಿನ ಚೀಟಿ, ಕೈಯಲ್ಲಿ ಒಂದು ಗಂಟು. ಅವರನ್ನು ಇಳಿಸಿಕೊಂಡದ್ದು ಯಾರು? ಹಳ್ಳಿಯ ಹೆಂಗಸರು. ಒಂದು ಮಗುವಿಗೆ ಸರ್ಕಾರ ವಾರಕ್ಕೆ 10 ಷಿಲ್ಲಿಂಗ್ 6 ಪೆನ್ಸ್ ಕೊಡುತ್ತಿತ್ತು. ಹಾಸಿಗೆ ಒದ್ದೆ ಮಾಡುವ, ರಾತ್ರಿ ಅಮ್ಮಾ ಅಂತ ಅಳುವ, ಯಾರದೋ ಮಗುವನ್ನು ವರ್ಷಗಟ್ಟಲೆ ಸಾಕಿದರು. ಸಾಗಿಸುವ ವ್ಯವಸ್ಥೆಯಲ್ಲಿ ಮುಂದೆ ನಿಂತದ್ದು ಮಹಿಳಾ ಸ್ವಯಂಸೇವಾ ಸಂಘ, ಡಬ್ಲ್ಯೂವಿಎಸ್. ಅದನ್ನು 1938ರಲ್ಲಿ ಕಟ್ಟಿದವರು ಲೇಡಿ ರೆಡಿಂಗ್. ಅವರು ಮದುವೆಗೆ ಮುಂಚೆ ದೆಹಲಿಯಲ್ಲಿ ವೈಸರಾಯ್ ರೆಡಿಂಗ್ ಅವರ ಕಚೇರಿಯಲ್ಲಿ ಕೆಲಸ ಮಾಡಿದವರು. ಯುದ್ಧ ಜೋರಾದಾಗ ಸಂಘದಲ್ಲಿ ಹತ್ತು ಲಕ್ಷ ಹೆಂಗಸರಿದ್ದರು. ಬಾಂಬು ಬಿದ್ದ ಬೀದಿಗೆ ಟೀ ಗಾಡಿ ತರುವುದು, ಮನೆ ಕಳೆದುಕೊಂಡವರಿಗೆ ಬಟ್ಟೆ ಹೊಂದಿಸುವುದು, ಕಾಲುಚೀಲ ಹೆಣೆಯುವುದು. ಬಹುಪಾಲು ಎಲ್ಲ ಸಂಬಳವಿಲ್ಲದ ದುಡಿಮೆ.

ಸಮಾನತೆಯ ವಿಷಯದಲ್ಲಿ ನನ್ನ ಮನಸ್ಸು ಇವತ್ತಿಗೂ ಒಪ್ಪದ ಒಂದು ವಿಷಯ ಹೇಳುತ್ತೇನೆ. ಬಾಂಬು ಬಿದ್ದು ಗಾಯವಾದ ನಾಗರಿಕರಿಗೆ ಪರಿಹಾರ ಇತ್ತು. ಹೆಂಗಸಿಗೆ ಗಂಡಸಿಗಿಂತ ವಾರಕ್ಕೆ 7 ಷಿಲ್ಲಿಂಗ್ ಕಡಿಮೆ! ಒಂದೇ ಬಾಂಬು, ಒಂದೇ ಬೀದಿ, ಒಂದೇ ಥರ ಮುರಿದ ಕಾಲು. 1942ರಲ್ಲಿ, ಬಾಂಬಿನಿಂದ ಬೆಂಕಿ ಹತ್ತುತ್ತದಾ ಅಂತ ರಾತ್ರಿ ಕಾವಲಿರುವ ಕೆಲಸವನ್ನೂ ಹೆಂಗಸರಿಗೆ ಕಡ್ಡಾಯ ಮಾಡಿದರು. ಅಪಾಯ ಸಮ, ಪರಿಹಾರ ಕಮ್ಮಿ. ಮೇವಿಸ್ ಟೇಟ್, ಈಡಿತ್ ಸಮರ್‌ಸ್ಕಿಲ್ ಅನ್ನುವ ಇಬ್ಬರು ಸಂಸದೆಯರು, ಒಬ್ಬರು ಕನ್ಸರ್ವೇಟಿವ್, ಇನ್ನೊಬ್ಬರು ಲೇಬರ್, ಪಕ್ಷ ಮರೆತು ಹೋರಾಡಿ 1943ರಲ್ಲಿ ಇದನ್ನು ಸರಿ ಮಾಡಿಸಿದರು.

ಮರುವರ್ಷ ಮಾರ್ಚ್ 28ರಂದು ಇನ್ನೂ ದೊಡ್ಡದೊಂದು ನಡೆಯಿತು. ಶಿಕ್ಷಣ ಮಸೂದೆಗೆ ಥೆಲ್ಮಾ ಕ್ಯಾಜಲೆಟ್ ಕೀರ್ ಒಂದು ತಿದ್ದುಪಡಿ ತಂದರು: ಶಿಕ್ಷಕಿಯರಿಗೂ ಶಿಕ್ಷಕರಿಗೂ ಸಮಾನ ಸಂಬಳ. ಮತಕ್ಕೆ ಹಾಕಿದಾಗ 117 ಪರ, 116 ವಿರುದ್ಧ. ಒಂದೇ ಒಂದು ಮತದಿಂದ ಗೆದ್ದಿತು. ಚರ್ಚಿಲ್ ಏನು ಮಾಡಿದರು ಗೊತ್ತಾ? ಇದನ್ನು ತಮ್ಮ ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆ ಮಾಡಿ, ಎರಡೇ ದಿನದಲ್ಲಿ ಮತ್ತೆ ಮತಕ್ಕೆ ಹಾಕಿಸಿ, ಭಾರಿ ಬಹುಮತದಿಂದ ಅಳಿಸಿ ಹಾಕಿದರು. ಯುದ್ಧದ ನಡುವೆ ಸರ್ಕಾರ ಬೀಳಿಸಲು ಯಾರಿಗೆ ಧೈರ್ಯ? ಬ್ರಿಟನ್ನಿನಲ್ಲಿ ಸಮಾನ ವೇತನದ ಸಾಮಾನ್ಯ ಕಾನೂನು ಬಂದದ್ದು 1970ರಲ್ಲಿ. ಯಾಕೆ ಮನೆಗೆ ಕಳಿಸಿದರು ಅಂತ ಕೇಳಿದ ಮಗಳಿಗೆ ಈ ಎರಡು ದಿನದ ಕತೆ ಖಂಡಿತ ಹೇಳಿ.

ಹೊಲದ ಕೆಲಸದ್ದೂ ಇದೇ ಹಾಡು. ಮಹಿಳಾ ಭೂಸೇನೆ, ಅಂದರೆ ವಿಮೆನ್ಸ್ ಲ್ಯಾಂಡ್ ಆರ್ಮಿ, 1939ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಹಸಿರು ಸ್ವೆಟರ್, ಕಂದು ಪ್ಯಾಂಟು. ಅಂಗಡಿಯಲ್ಲಿ, ಆಫೀಸಿನಲ್ಲಿ ಇದ್ದ ಪಟ್ಟಣದ ಹುಡುಗಿಯರು ಹಾಲು ಕರೆದರು, ಟ್ರ್ಯಾಕ್ಟರ್ ಹೊಡೆದರು, ಚರಂಡಿ ತೋಡಿದರು, ಇಲಿ ಹಿಡಿದರು. ಒಂದು ಹಂತದಲ್ಲಿ 80,000ಕ್ಕೂ ಜಾಸ್ತಿ ಜನ. ಹಸು ಕೆಚ್ಚಲು ಮುಟ್ಟಿದರೆ ಒದೆಯದ ಹಾಗೆ ಕೈ ಪಳಗಲು ಎಷ್ಟು ದಿನ ಬೇಕು ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಯುದ್ಧ ಮುಗಿಯುತ್ತಾ ಬಂದಾಗ ಸೈನ್ಯದ ಹೆಂಗಸರಿಗೆ ಕೊಡುವ ಇನಾಮು ಇವರಿಗೆ ಇಲ್ಲ ಅಂದರು. ಅದರ ಮುಖ್ಯಸ್ಥೆ ಲೇಡಿ ಡೆನ್‌ಮನ್ 1945ರ ಫೆಬ್ರುವರಿಯಲ್ಲಿ ರಾಜೀನಾಮೆ ಬಿಸಾಕಿ ಹೊರಟರು. ಭೂಸೇನೆಯ ಆ ಹುಡುಗಿಯರಿಗೆ ಸರ್ಕಾರ ಒಂದು ಬ್ಯಾಡ್ಜು ಕೊಟ್ಟದ್ದು 2008ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಇನ್ನೊಂದು ಚಿಕ್ಕ ವಿಷಯ. ಲಂಡನ್ನಿನ ವಾಟರ್‌ಲೂ ಸೇತುವೆಯನ್ನು ಯುದ್ಧದ ವರ್ಷಗಳಲ್ಲಿ ಕಟ್ಟಿದವರಲ್ಲಿ ಹೆಂಗಸರೂ ಬಹಳ ಇದ್ದರು. 1945ರ ಡಿಸೆಂಬರಿನಲ್ಲಿ ಉದ್ಘಾಟನೆ ಆದಾಗ ಮಂತ್ರಿ ಹರ್ಬರ್ಟ್ ಮಾರಿಸನ್ ತಮ್ಮ ಭಾಷಣದಲ್ಲಿ ಸೇತುವೆ ಕಟ್ಟಿದ ಗಂಡಸರನ್ನು ಹೊಗಳಿದರು. ಹೆಂಗಸರ ಮಾತೇ ಬರಲಿಲ್ಲ. ಥೇಮ್ಸ್ ನದಿಯ ದೋಣಿಯವರು ಮಾತ್ರ ಅದನ್ನು 'ಹೆಂಗಸರ ಸೇತುವೆ' ಅಂತಲೇ ಕರೆಯುತ್ತಾ ಬಂದರು. ಆ ಹೆಂಗಸರು ಕೆಲಸ ಮಾಡುತ್ತಿರುವ ಫೋಟೋಗಳು ಚರಿತ್ರಕಾರರ ಕೈಗೆ ಸಿಕ್ಕಿದ್ದು ಈಚೆಗೆ, ಏಳು ದಶಕ ಕಳೆದ ಮೇಲೆ.

ಹಾಗಾದರೆ ಎಲ್ಲರನ್ನೂ ಕುತ್ತಿಗೆ ಹಿಡಿದು ದಬ್ಬಿದರಾ? ಇಲ್ಲ. ಇದನ್ನೂ ಬರೆಯಬೇಕು. ಸಾಕಪ್ಪಾ ಸಾಕು ಅಂತ ತಾವೇ ಬಿಟ್ಟವರು ಬಹಳ ಮಂದಿ. ಆರು ವರ್ಷ ಪಾಳಿ, ಕ್ಯೂ, ಕತ್ತಲು, ಬಾಂಬು. ಗಂಡ ಬಂದಿದ್ದಾನೆ, ಒಂದು ಮನೆ, ಒಂದು ಮಗು ಬೇಕು ಅನಿಸುವುದು ತಪ್ಪಾ? ಆದರೆ ಮಕ್ಕಳು ದೊಡ್ಡವರಾದ, ನಡುವಯಸ್ಸಿನ ಹೆಂಗಸರಲ್ಲಿ ಕೆಲಸ ಬೇಕು ಅಂದವರು ಜಾಸ್ತಿ ಇದ್ದರು. ಅವರ ಆಸೆಗೆ ಅಡ್ಡ ಬಂದದ್ದು ಇದೇ ವ್ಯವಸ್ಥೆ. ಯುದ್ಧ ಮುಗಿಯುತ್ತಿದ್ದಂತೆ ಶಿಶುವಿಹಾರಗಳಿಗೆ ಕೊಡುವ ಹಣ ಕಡಿತವಾಯಿತು, ಒಂದೊಂದಾಗಿ ಬಾಗಿಲು ಹಾಕಿದವು. ರೇಷನ್ ಮಾತ್ರ ಮುಗಿಯಲಿಲ್ಲ. ಯುದ್ಧದಲ್ಲಿ ರೇಷನ್ ಇಲ್ಲದಿದ್ದ ಬ್ರೆಡ್ಡಿಗೂ 1946ರಿಂದ ಎರಡು ವರ್ಷ ರೇಷನ್ ಬಂತು. ಎಲ್ಲ ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಅಂದರೆ ಗಂಡಸರ ಯುದ್ಧ ಆರು ವರ್ಷ, ಅಡುಗೆಮನೆಯ ಯುದ್ಧ ಹದಿನಾಲ್ಕು ವರ್ಷಕ್ಕೂ ಜಾಸ್ತಿ. ಅದೂ ಸಾಲದು ಅಂತ 1947ರಲ್ಲಿ ಕೈ ಸಾಲುತ್ತಿಲ್ಲ, ಹೆಂಗಸರೇ ಮಿಲ್ಲಿಗೆ ಬನ್ನಿ ಅಂತ ಸರ್ಕಾರ ಮತ್ತೆ ಪ್ರಚಾರ ಮಾಡಿತು!

ಉಳಿದ ಲಾಭ ಏನೂ ಇಲ್ಲವೇ ಅಂದರೆ ಇದೆ. ಮದುವೆಯಾದರೆ ಕೆಲಸ ಬಿಡಬೇಕು ಅನ್ನುವ ನಿಯಮ ಶಿಕ್ಷಕಿಯರಿಗೆ 1944ರಲ್ಲಿ, ಸರ್ಕಾರಿ ನೌಕರಿಯಲ್ಲಿ 1946ರಲ್ಲಿ ಹೋಯಿತು. ಅಲ್ಲಿನ ವಿದೇಶಾಂಗ ಸೇವೆಯಲ್ಲಿ 1973ರ ತನಕ ಉಳಿದಿತ್ತು. ನಮ್ಮ ವಿದೇಶಾಂಗ ಸೇವೆಯಲ್ಲೂ ಅದೇ ಜಾತಿಯ ನಿಯಮ ಇತ್ತು: ಮದುವೆಗೆ ಸರ್ಕಾರದ ಅನುಮತಿ ಬೇಕು, ಸರ್ಕಾರ ರಾಜೀನಾಮೆ ಕೇಳಬಹುದು. ಅದನ್ನು ಸುಪ್ರೀಂ ಕೋರ್ಟಿಗೆ ಎಳೆದವರು ಆ ಸೇವೆಯಲ್ಲೇ ಅಧಿಕಾರಿಯಾಗಿದ್ದ, ನಿಮ್ಮ ಕೊಡಗು ಜಿಲ್ಲೆಯ ಸಿ. ಬಿ. ಮುತ್ತಮ್ಮ. 1979ರಲ್ಲಿ ತೀರ್ಪು ಬಂತು. ಮಗಳಿಗೆ ಈ ಹೆಸರು ಗೊತ್ತಿರಲಿ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕತೆ ಬೇರೆ. 1942ರಲ್ಲಿ ಸೇನೆಯ ಜೊತೆ ಮಹಿಳಾ ಸಹಾಯಕ ದಳ ಕಟ್ಟಿದರು. ಸುಮಾರು 11,000 ಹೆಂಗಸರು ಕಚೇರಿ, ಟೆಲಿಫೋನು, ಗುಪ್ತಲಿಪಿ, ಗಾಡಿ ಓಡಿಸುವ ಕೆಲಸ ಮಾಡಿದರು. ಆದರೆ ನನ್ನನ್ನು ಹೆಚ್ಚು ಕಾಡುವುದು ಕಲ್ಲಿದ್ದಲು ಗಣಿಗಳ ಹೆಂಗಸರು. ಹೆಂಗಸರು ನೆಲದಡಿ ಇಳಿಯಬಾರದು ಅಂತ 1937ರ ಹೊತ್ತಿಗೆ ಪೂರ್ತಿ ನಿಷೇಧ ಬಂದಿತ್ತು. 1943ರಲ್ಲಿ ಕಲ್ಲಿದ್ದಲು ಸಾಲದೆ ಹೋಯಿತು. ಗಣಿಯ ಕೂಲಿಗಳು ಜಾಸ್ತಿ ಕೂಲಿ ಸಿಗುವ ಮಿಲಿಟರಿ ಕಾಮಗಾರಿಗಳಿಗೆ ಹೋಗಿದ್ದರು. ಸರ್ಕಾರ ಬಿಹಾರ, ಬಂಗಾಳ, ಮಧ್ಯ ಪ್ರಾಂತ್ಯಗಳಲ್ಲಿ ನಿಷೇಧ ತೆಗೆದು ಹೆಂಗಸರನ್ನು ಮತ್ತೆ ಕೆಳಗಿಳಿಸಿತು. ಅಖಿಲ ಭಾರತ ಮಹಿಳಾ ಸಮ್ಮೇಳನ ಗಟ್ಟಿಯಾಗಿ ವಿರೋಧಿಸಿತು. ಆಗ ಕಾರ್ಮಿಕ ಖಾತೆ ಡಾ. ಅಂಬೇಡ್ಕರ್ ಕೈಯಲ್ಲಿತ್ತು. 1944ರ ಫೆಬ್ರುವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಅವರು ಇದು ತುರ್ತಿಗೆ ತೆಗೆದುಕೊಂಡ ಕ್ರಮ ಅಂತ ಸಮರ್ಥಿಸಿಕೊಂಡರು, ಗಂಡಸರಷ್ಟೇ ಕೂಲಿ ಹೆಂಗಸರಿಗೂ ಕೊಡಲಾಗುತ್ತಿದೆ ಅಂತಲೂ ಹೇಳಿದರು. ಸಮಾನ ಕೂಲಿಯ ಮಾತು ಲಂಡನ್ನಿನಲ್ಲಿ ಸೋತ ಎರಡು ತಿಂಗಳ ಆಸುಪಾಸಿನಲ್ಲೇ ಇಲ್ಲಿ ಅದು ನೆಲದಡಿಯ ಕತ್ತಲೆಯ ಕೆಲಸಕ್ಕೆ ಬಂದಿತ್ತು. 1946ರ ಫೆಬ್ರುವರಿಯಲ್ಲಿ ಮತ್ತೆ ನಿಷೇಧ. ಬೇಕಾದಾಗ ಇಳಿಸಿದರು, ಬೇಡವಾದಾಗ ಹತ್ತಿಸಿದರು. ನಡುವೆ ಆ ಹೆಂಗಸರನ್ನು ಯಾರೂ ಕೇಳಲಿಲ್ಲ.

ಹತ್ತಿರದ ಕಾಲದ ಒಂದು ಉದಾಹರಣೆಯೂ ಪ್ರಾಜೆಕ್ಟಿನಲ್ಲಿ ಇರಲಿ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ವಿಮಾನಗಳು ಗುಜರಾತಿನ ಭುಜ್‌ನ ರನ್‌ವೇಯನ್ನು ಬಾಂಬು ಹಾಕಿ ಹಾಳು ಮಾಡಿದವು. ಪಕ್ಕದ ಮಾಧಾಪರ್ ಹಳ್ಳಿಯ ಸುಮಾರು 300 ಹೆಂಗಸರು 72 ಗಂಟೆಗಳಲ್ಲಿ ಅದನ್ನು ಸರಿ ಮಾಡಿದರು. ಸೈರನ್ ಕೂಗಿದರೆ ಓಡಿ ಪೊದೆಗಳಲ್ಲಿ ಅಡಗುವುದು, ನಿಂತರೆ ಮತ್ತೆ ಬಾಂಡಲಿ ಹಿಡಿಯುವುದು. ಮೇಲಿನಿಂದ ಕಾಣದ ಹಾಗೆ ತಿಳಿ ಹಸಿರು ಸೀರೆ ಉಟ್ಟಿದ್ದರು. ರನ್‌ವೇ ಮೇಲೆ ಸಗಣಿ ಬಳಿದರು. ಅಂಗಳ ಸಾರಿಸಿ ಗೊತ್ತಿದ್ದ ಕೈಗಳು.

ನನ್ನ ಅಮ್ಮನದೂ ಒಂದು ನೆನಪು ಸೇರಿಸುತ್ತೇನೆ. 1965ರ ಯುದ್ಧದ ಹೊತ್ತಿನಲ್ಲಿ ಪ್ರಧಾನಿ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಕೇಳಿದಾಗ ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ಮಕ್ಕಳಾದ ನಮಗೆ ಅಮ್ಮ ಮಧ್ಯಾಹ್ನದ್ದೇ ಎರಡು ತುತ್ತು ತೆಗೆದಿಟ್ಟಿರುತ್ತಿದ್ದಳು. ಅವಳು ಮಾತ್ರ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಯುದ್ಧ ನಿಂತ ಮೇಲೂ ಎಷ್ಟೋ ತಿಂಗಳು ಹಾಗೇ ನಡೆಯಿತು. ಅಮ್ಮನನ್ನು ಕೇಳಿದ್ದರೆ ಅವಳೂ "ನಾನೇನು ಮಾಡಿದೆ, ಏನಿಲ್ಲ" ಅಂತಲೇ ಅನ್ನುತ್ತಿದ್ದಳು.

ಇನ್ನು ನಿಮ್ಮ ಅಜ್ಜಿ. 'ಏನು ಮಾಡ್ತಿದ್ರು' ಅಂತ ಕೇಳಬೇಡಿ, ಆ ಪ್ರಶ್ನೆಗೆ 'ಏನಿಲ್ಲ' ಅಂತಲೇ ಉತ್ತರ ಬರುತ್ತದೆ. ಕೆಲಸದ ಹೆಸರು ಹಿಡಿದು ಕೇಳಿ. ನಾಟಿ ಹೇಗೂ ಹೆಂಗಸರದ್ದೇ, ಅಜ್ಜ ಇಲ್ಲದ ವರ್ಷಗಳಲ್ಲಿ ಗದ್ದೆ ಉಳಲು ಆಳು ಗೊತ್ತು ಮಾಡಿದ್ದು ಯಾರು? ಭತ್ತ ಅಳೆದು ಕೂಲಿ ಕೊಟ್ಟದ್ದು ಯಾರು? ಏಲಕ್ಕಿ, ಕಾಫಿ ಇದ್ದರೆ ವ್ಯಾಪಾರಿಯ ಹತ್ತಿರ ದರ ಮಾತಾಡಿದ್ದು ಯಾರು? ಕಂದಾಯ ಕಟ್ಟಿದ್ದು? ಮನೆಯಲ್ಲಿ ಕಾಯಿಲೆ ಬಿದ್ದ ಮುದುಕರನ್ನು ನೋಡಿಕೊಂಡದ್ದು? ಸೀಮೆಎಣ್ಣೆ, ಬಟ್ಟೆ ಸಿಗದಾಗ ಏನು ಮಾಡಿದರು? 'ರೇಷನ್ ಕಾರ್ಡು' ಅನ್ನುವ ಮಾತು ನಮ್ಮ ದೇಶದ ಮನೆಗಳಿಗೆ ಬಂದದ್ದೂ ಅದೇ ಯುದ್ಧದಲ್ಲಿ. ಅಜ್ಜನ ಕಾಗದ ಬಂದರೆ ಓದಿ ಹೇಳುತ್ತಿದ್ದದ್ದು ಯಾರು, ಉತ್ತರ ಬರೆಸುತ್ತಿದ್ದದ್ದು ಯಾರ ಹತ್ತಿರ? ಅಜ್ಜಿಯ ವಾರಗೆಯವರು, ಅವರ ತಂಗಿಯರು, ಹಳೆಯ ಆಳುಗಳ ಮನೆಯವರು ಯಾರಾದರೂ ಇದ್ದರೆ ಅವರನ್ನೂ ಕೇಳಿ. ಮಗಳೇ ಕೇಳಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ.

ಆಮೇಲೆ ಹಳೆಯ ಟ್ರಂಕು ತೆಗೆಯಿರಿ. ಸಿಪಾಯಿಗಳ ಸಂಬಳದ ಒಂದು ಪಾಲು ತಿಂಗಳು ತಿಂಗಳು ಮನಿ ಆರ್ಡರಿನಲ್ಲಿ ಮನೆಗೆ ಬರುತ್ತಿತ್ತು. ಅದರ ಚೂರು ಚೀಟಿಗಳನ್ನು ಎಷ್ಟೋ ಮನೆಗಳಲ್ಲಿ ಜೋಪಾನ ಮಾಡಿ ಇಟ್ಟಿರುತ್ತಾರೆ. ಒಂದು ಸಿಕ್ಕರೂ ಸಾಕು. ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು, ಅಜ್ಜಿಯ ಹೆಸರು ಬರೆದು, ಪ್ರಾಜೆಕ್ಟಿನ ಮೊದಲ ಪುಟಕ್ಕೆ ಅಂಟಿಸಲಿ. ಕೆಂಪು ಬಟ್ಟೆ ಕಟ್ಟಿದ ಆ ಹುಡುಗಿಯ ಪೋಸ್ಟರ್ ಎರಡನೇ ಪುಟದಲ್ಲಿರಲಿ.